ಕಿಂಗ್ ಪಿನ್ ಜಪ್ಪಯ್ಯ ಅಂದರೂ ಬರುತ್ತಿಲ್ಲ

ಪ್ರಶ್ನೆ: ನನ್ನ ಹಳೇ ಲಾರಿಯ ಸ್ಟೇರಿಂಗ್ ಬಿಗಿಯಾಗಿತ್ತು. ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಉಕ್ಕಿನ ಗೂಟ) ಬದಲಾಯಿಸೋಣವೆಂದು ಮುಂದಿನ ಎಡಚಕ್ರ, ಹಬ್, ಡ್ರಮ್ ಎಲ್ಲ ಬಿಚ್ಚಿದೆ. ಮೇಲೆ ಕೆಳಗಿನ ಮುಚ್ಚಳ ತೆಗೆದಿದ್ದೇನೆ, ಅದನ್ನು ಆಕ್ಸಲ್ಲಿನಲ್ಲಿ ಹಿಡಿದಿಡುವ ಲಾಕ್ ಪಿನ್ನೂ ಬಂತು. ಎರಡು ದಿನದಿಂದ ಎಣ್ಣೆ ಬಿಟ್ಟು ದೊಡ್ಡ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೇನೆ, ಕಿಂಗ್ ಪಿನ್ ಮಿಸುಕಾಡುತ್ತಿಲ್ಲ. ಗ್ಯಾಸ್ ಹಚ್ಚಿ ಆಕ್ಸಲ್ಲನ್ನು ಕೆಂಪಗೆ ಕಾಯಿಸಿದರೆ ಬಂದೀತೇ?

ಉತ್ತರ: ಬಂದೀತು. ಆಮೇಲೆ ಆ ಆಕ್ಸಲ್ ನಂಬಿ ಲೋಡ್ ಹೊರಿಸುವಂತಿಲ್ಲ, ಅಷ್ಟೇ. ಗ್ಯಾಸ್ ಮೂಲೆಗಿರಲಿ, ಸುತ್ತಿಗೆಯನ್ನೂ ಸ್ವಲ್ಪ ಕೆಳಗಿಡಿ. ಲಾಕ್ ಪಿನ್ ಬಂತು ಅಂದಿರಲ್ಲ, ಎಷ್ಟು ಬಂತು, ಒಂದೋ ಎರಡೋ?

ಕೆಲಸ ಕಲಿಯುವಾಗ ನಾನೂ ಹೀಗೇ ಒಂದು ಪಿನ್ನಿಗೆ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಹೊಡೆದಿದ್ದೆ. ಅಂಗೈ ತುಂಬ ಬೊಬ್ಬೆ. ಮೇಸ್ತ್ರಿ ಬಂದವರು ಬೈಯಲೂ ಇಲ್ಲ, ಸ್ಕ್ರೂಡ್ರೈವರ್ ತಗೊಂಡು ಆಕ್ಸಲ್ಲಿನ ಹಿಂಬದಿ ಕೆರೆಯತೊಡಗಿದರು. ಗ್ರೀಸು, ಮಣ್ಣು, ಬಣ್ಣ ಮೂರೂ ಸೇರಿ ಬೆರಳುದಪ್ಪ ಹೆಪ್ಪುಗಟ್ಟಿತ್ತು. ಅದು ಉದುರಿದ ಮೇಲೆ ಒಳಗೆ ಇನ್ನೊಂದು ನಟ್ಟು! ಕೆಲವು ಭಾರಿ ಆಕ್ಸಲ್‌ಗಳಲ್ಲಿ ಲಾಕ್ ಪಿನ್ ಎರಡಿರುತ್ತವೆ, ಒಂದು ಮುಂದಿನಿಂದ, ಒಂದು ಹಿಂದಿನಿಂದ. ಎರಡನೆಯದು ಒಳಗಿದ್ದರೆ ಆನೆ ಬಂದು ತಳ್ಳಿದರೂ ಕಿಂಗ್ ಪಿನ್ ಬರುವುದಿಲ್ಲ. ಆದ್ದರಿಂದ ಮೊದಲು ವೈರ್ ಬ್ರಷ್ ಹಿಡಿದು ಆಕ್ಸಲ್ ಕಣ್ಣಿನ, ಅಂದರೆ ಕಿಂಗ್ ಪಿನ್ ಕೂರುವ ತೂತಿನ, ಸುತ್ತ ಲೋಹ ಕಾಣುವವರೆಗೆ ಉಜ್ಜಿ. ಇನ್ನೊಂದು ಸಿಕ್ಕರೆ ನೆನಪಿಡಿ, ಲಾಕ್ ಪಿನ್ ಬೆಣೆಯ ಹಾಗೆ ಓರೆ ಇರುತ್ತದೆ. ಸಣ್ಣ ತುದಿಯಿಂದ ಹೊಡೆದರೆ ಹೊರಗೆ, ದಪ್ಪ ತುದಿಯಿಂದ ಹೊಡೆದರೆ ಇನ್ನೂ ಒಳಗೆ. ನಟ್ಟಿರುವ ಕಡೆಯೇ ಸಾಮಾನ್ಯವಾಗಿ ಸಣ್ಣದು. ನಟ್ಟನ್ನು ಪೂರ್ತಿ ಬಿಚ್ಚದೆ ತುದಿಗೆ ಸಮ ತಂದು ಹೊಡೆಯಿರಿ, ಥ್ರೆಡ್ ಉಳಿಯುತ್ತದೆ.

ಇರುವುದೇ ಒಂದು ಅಂತಾದರೆ, ಸ್ಟಬ್ ಆಕ್ಸಲ್ಲನ್ನು (ಚಕ್ರ ಕೂರುವ ಗಿಡ್ಡ ಆಕ್ಸಲ್) ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ. ಸಲೀಸಾಗಿ ತಿರುಗಿದರೆ ಬುಷ್ (ಸ್ಟಬ್ ಆಕ್ಸಲ್ಲಿನಲ್ಲಿ ಪಿನ್ನಿನ ಸುತ್ತ ಇರುವ ಬಳೆ) ಕಚ್ಚಿಲ್ಲ, ಪಿನ್ ಕಚ್ಚಿರುವುದು ನಡುವೆ, ಆಕ್ಸಲ್ ಕಣ್ಣಿನಲ್ಲಿ. ಗ್ರೀಸು ತುಂಬುವ ಮೂತಿಗೆ, ಅಂದರೆ ನಿಪ್ಪಲ್ಲಿಗೆ, ಹೊಡೆದ ಗ್ರೀಸೆಲ್ಲ ಬುಷ್ಷಿಗೆ ಹೋಗುತ್ತದೆ; ಪಿನ್ ಅಲುಗದೆ ಕೂರುವ ಕಣ್ಣಿಗೆ ಸಿಗುವುದಿಲ್ಲ. ಅಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪಿನ್ನನ್ನು ಸುತ್ತಲೂ ಅಮುಕಿ ಹಿಡಿಯುತ್ತದೆ. ನಿಮ್ಮ ಸ್ಟೇರಿಂಗ್ ಬಿಗಿಯಾಗಿತ್ತು ಅಂದಮೇಲೆ ಬುಷ್ಷೂ ಕಚ್ಚಿರಬಹುದು.

ಕೆಂಪಗೆ ಕಾಯಿಸುವ ಮಾತಿಗೆ ಬರುತ್ತೇನೆ. ಆ ಆಕ್ಸಲ್ ಬಡಿದು, ಕಾಯಿಸಿ, ಹದ ಕೊಟ್ಟ ಉಕ್ಕು. ಕೆಂಪಗಾದ ಜಾಗದಲ್ಲಿ ಆ ಹದ ಹೋಯಿತು. ತಯಾರಕರ ಕೈಪಿಡಿಗಳು ಬಿಸಿ ಮಾಡಬೇಡಿ ಅನ್ನುವುದು ಅದಕ್ಕೇ. ಸ್ವಲ್ಪ ಬಿಸಿ ಮಾಡಿದರಾದೀತೇ ಅಂದರೆ ಲೆಕ್ಕ ನೋಡಿ. 40 ಮಿ.ಮೀ. ತೂತು 100 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.05 ಮಿ.ಮೀ. ಅಷ್ಟರಲ್ಲಿ ಒಳಗಿನ ಪಿನ್ನೂ ಬಿಸಿಯಾಗಿ ಹಿಗ್ಗಿರುತ್ತದೆ.

ಸುತ್ತಿಗೆ ಕೆಳಗಿಡಿ ಅಂದದ್ದಕ್ಕೂ ಕಾರಣವಿದೆ. ಹೊಡೆದ ಹಾಗೆಲ್ಲ ಪಿನ್ನಿನ ತುದಿ ಅರಳಿ ಬುಷ್ಷಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈಗಾಗಲೇ ಅರಳಿದ್ದರೆ ಮೊದಲು ಗ್ರೈಂಡರ್ ಹಿಡಿದು ಅಂಚು ಸವರಿ. ಪಿನ್ನಿನ ಮೈ ಗಟ್ಟಿ ಮಾಡಿದ ಉಕ್ಕು, ಉಕ್ಕಿನ ಸುತ್ತಿಗೆ ಬಿದ್ದರೆ ಚೂರು ಸಿಡಿಯುತ್ತದೆ. ನನ್ನ ಮುಂಗೈಯಲ್ಲಿ ಅಂಥದೊಂದು ಚೂರು ಇನ್ನೂ ಇದೆ, ಚಳಿಗೆ ನೋಯುತ್ತದೆ.

ಕಿಂಗ್ ಪಿನ್ ತೆಗೆಯುವ ಹೈಡ್ರಾಲಿಕ್ ಪ್ರೆಸ್ ಬಾಡಿಗೆಗಾದರೂ ತನ್ನಿ. ತುಕ್ಕು ಬಿಡಿಸುವ ಎಣ್ಣೆಯನ್ನು ಲಾಕ್ ಪಿನ್ನಿನ ತೂತಿನೊಳಗೇ ಬಿಡಿ. ಕಣ್ಣಿನ ನಡುಭಾಗಕ್ಕೆ ಇಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ರಾತ್ರಿಯಿಡೀ ನೆನೆಯಲಿ. ಬೆಳಗ್ಗೆ ಪ್ರೆಸ್ ಬಿಗಿದು, ಒತ್ತಡ ಹಾಗೇ ಇಟ್ಟು ಒಂದು ಟೀ ಕುಡಿದು ಬನ್ನಿ. ಮತ್ತೆ ಸ್ವಲ್ಪ ಬಿಗಿಯಿರಿ. ಬಿಡುವಾಗ ‘ಠಣ್’ ಅಂತ ಗುಂಡು ಹಾರಿದ ಸದ್ದು ಬರುತ್ತದೆ, ಪಿನ್ನಿನ ನೇರಕ್ಕೆ ಯಾರೂ ನಿಲ್ಲಬಾರದು. ಕಣ್ಣಿಗೆ ಕನ್ನಡಕ ಇರಲಿ. ಲಾರಿ ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಂತಿರಲಿ. ಬಿಚ್ಚಿಟ್ಟ ಬ್ರೇಕ್ ಪ್ಲೇಟನ್ನು ತಂತಿಯಲ್ಲಿ ಕಟ್ಟಿ, ಹೋಸಿನಲ್ಲಿ ನೇತಾಡಲು ಬಿಡಬೇಡಿ.

ಪಿನ್ ಬಂದ ಮೇಲೆ ಕಣ್ಣನ್ನು ಉಜ್ಜಿ ಅಳೆಯಿರಿ. ಹೊಸ ಪಿನ್ ಅದರಲ್ಲಿ ಲಡಲಡ ಅಂದರೆ ತಗಡು ಸುತ್ತಿ ಕೂರಿಸುವವರಿದ್ದಾರೆ, ಅವರ ಮಾತು ಕೇಳಬೇಡಿ. ಆ ಆಕ್ಸಲ್ ಬದಲಾಯಿಸಬೇಕು.

ಪ್ರಶ್ನೆ: ಟೈ ರಾಡ್ ಎಂಡ್ (ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲು) ನಟ್ಟು ಬಿಚ್ಚಿದರೂ ಸ್ಟೇರಿಂಗ್ ತೋಳಿನಿಂದ ಬಿಡುತ್ತಿಲ್ಲ. ಕವಲು ಉಳಿ ತೂರಿಸಲೇ?

ಉತ್ತರ: ಎಂಡ್ ಎಸೆಯುವುದಾದರೆ ತೂರಿಸಿ, ರಬ್ಬರ್ ಹರಿಯುತ್ತದೆ. ಉಳಿಸಿಕೊಳ್ಳಬೇಕಿದ್ದರೆ ನಟ್ಟನ್ನು ಮತ್ತೆ ನಾಲ್ಕು ಸುತ್ತು ಹಾಕಿ ಹಾಗೇ ಬಿಟ್ಟು, ತೋಳಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ ಎದುರು ಪಕ್ಕಕ್ಕೆ ಇನ್ನೊಂದರಿಂದ ಜೋರಾಗಿ ಎರಡೇಟು ಕೊಡಿ. ಎಂಡಿನ ಓರೆ ಹಿಡಿತ ಬಿಟ್ಟು ತಾನೇ ಕೆಳಗೆ ಜಾರುತ್ತದೆ, ನಟ್ಟು ಅದನ್ನು ಬೀಳದಂತೆ ಹಿಡಿದಿರುತ್ತದೆ.