ಇರುವೆ ಕಂಡರೂ ಕಿರುಚುವ ಮಗುವಿಗೆ ಹುಳಹುಪ್ಪಟೆ ತೋರಿಸೋದು ಹೇಗೆ?

ನಾಲ್ಕು ವರ್ಷದ ಮಗಳು ಇರುವೆಗೂ ಹೆದರುತ್ತಾಳೆ, ನಮಗಿರೋದು ಒಂದು ಬಾಲ್ಕನಿ, ಹುಳಗಳನ್ನು ಪರಿಚಯ ಮಾಡಿಸೋದು ಹೇಗೆ ಅಂತ ಕೇಳಿದ್ದೀರಿ. ಬೇಜಾರು ಮಾಡ್ಕೋಬೇಡಿ, ಮೊದಲು ಜಿರಳೆ ಕಂಡಾಗ ಮನೆಯಲ್ಲಿ ಕುರ್ಚಿ ಹತ್ತುವವರು ಯಾರು ಅಂತ ನೋಡಿ. ನಮ್ಮನೆಯಲ್ಲಿ ನಾನೇ. ಮಗ ಕಿರುಚೋದನ್ನು ಕಲಿತದ್ದು ನನ್ನಿಂದಲೇ.

ಇರುವೆಯಿಂದಲೇ ಶುರು ಮಾಡಿ. ನೆಲದಲ್ಲಿ ನಾಲ್ಕು ಕಾಳು ಸಕ್ಕರೆ ಹಾಕಿ, ಎರಡಡಿ ದೂರ ಕೂತು, ಯಾರು ಹೊತ್ತುಕೊಂಡು ಎಲ್ಲಿಗೆ ಹೋದರು ಅಂತ ಇಬ್ಬರೂ ನೋಡಿ. ಮುಟ್ಟು ಅಂತ ಹೇಳಲೇಬೇಡಿ.

ಚಾರ್ಟು, ಪ್ಲಾಸ್ಟಿಕ್ ಹುಳದ ಸೆಟ್ಟು ಎಲ್ಲ ತಂದು ನೋಡಿದೆ, ಸುಮ್ನೆ ದುಡ್ಡು ದಂಡ. ನಮಗೆ ಕೆಲಸಕ್ಕೆ ಬಂದದ್ದು ಕುಂಡದಲ್ಲಿದ್ದ ಕರಿಬೇವು. ಅದರ ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಒರೆಸಬೇಡಿ, ಬಗ್ಗಿ ನೋಡಿ. ಚಿಟ್ಟೆಯ ಮರಿಹುಳ ಇರಬಹುದು, ಹಕ್ಕಿಗಳ ಕಣ್ಣು ತಪ್ಪಿಸೋಕೆ ಆ ವೇಷ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಅದೇ ಹುಳ ಎಲೆಯಷ್ಟೇ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಒಂದು ಘಾಟು ವಾಸನೆ. ಚುಚ್ಚೋದಿಲ್ಲ. 'ಅಮ್ಮಾ, ನಂಗೆ ನಾಲಿಗೆ ಚಾಚ್ತಿದೆ' ಅಂತ ಮಗ ಬಿದ್ದು ಬಿದ್ದು ನಕ್ಕಿದ್ದ.

ಮೊದಲ ಹುಳವನ್ನು ನಾನೇ ಕೊಂದೆ ಅನ್ನಬೇಕು. ಡಬ್ಬಿಯಲ್ಲಿಟ್ಟು ಮಾರ್ಕೆಟ್ಟಿನ ಕರಿಬೇವು ಹಾಕಿದೆ, ಮರುದಿನ ಸತ್ತಿತ್ತು. ಎಲೆಗೆ ಔಷಧಿ ಹೊಡೆದಿದ್ದರೋ ಏನೋ. ಅದಕ್ಕೇ ಗಿಡದಲ್ಲೇ ಬಿಡಿ. ದೊಡ್ಡದಾದ ಮೇಲೆ ಒಂದು ದಿನ ತಿನ್ನೋದು ನಿಲ್ಲಿಸಿ, ನೀರು ನೀರಾಗಿ ಹೇತು, ಅತ್ತಿತ್ತ ಅಲೆಯುತ್ತದೆ. ಕಾಯಿಲೆ ಅಲ್ಲ, ಕೋಶ ಆಗೋಕೆ ಜಾಗ ಹುಡುಕುತ್ತಿರುತ್ತದೆ. ಆಮೇಲೆ ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ಸೊಂಟಕ್ಕೆ ನೂಲು ಸುತ್ತಿಕೊಂಡು ಹಿಂದಕ್ಕೆ ಒರಗುತ್ತದೆ, ಥೇಟ್ ಕಂಬ ಹತ್ತಿದ ಲೈನ್‌ಮನ್. ಸುಮಾರು ಹತ್ತು ದಿನಕ್ಕೆ ಚಿಟ್ಟೆ. ರೆಕ್ಕೆ ಒದ್ದೆ ಕರ್ಚೀಫಿನ ಹಾಗೆ ಮುದುಡಿರುತ್ತದೆ, ಬಿಡಿಸೋಕೆ ಹೋಗಬೇಡಿ, ಅದೇ ಬಿಚ್ಚಿಕೊಳ್ಳುತ್ತದೆ.

ಎರಡನೇ ಕೋಶದಿಂದ ಮಾತ್ರ ಚಿಟ್ಟೆ ಬರಲಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಒಂದು ತೂತಿನಿಂದ ಸಾಸಿವೆಗಿಂತ ಸಣ್ಣ ಕಣಜಗಳು ಸಾಲಾಗಿ ಬಂದವು. ತಾಯಿ ಕಣಜ ಒಳಗೆ ಮೊಟ್ಟೆ ಇಟ್ಟು ಹೋಗಿತ್ತು, ಮರಿಗಳು ಚಿಟ್ಟೆಯನ್ನು ತಿಂದು ಬೆಳೆದಿದ್ದವು. ಮಗ ಅತ್ತ. ಕಥೆ ಕಟ್ಟದೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ 'ಅವಕ್ಕೂ ಹಸಿವಾಗಿತ್ತಾ?' ಅಂದ.

ಮಳೆ ಬಂದಾಗ ಬಸವನಹುಳು ಸಿಕ್ಕರೆ ಗಾಜಿನ ತಟ್ಟೆ ಮೇಲೆ ಬಿಟ್ಟು ಕೆಳಗಿನಿಂದ ತೋರಿಸಿ, ಹೊಟ್ಟೆಯ ಅಡಿಭಾಗದಲ್ಲಿ ಒಂದರ ಹಿಂದೊಂದು ಅಲೆ ಓಡೋದು ಕಾಣುತ್ತದೆ. ಎರೆಹುಳುವನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು, ಅದು ಉಸಿರಾಡೋದು ಚರ್ಮದಿಂದ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಕಂಬಳಿಹುಳ, ಜರಿ, ಚೇಳು, ಕಣಜದ ಗೂಡು, ಇವನ್ನು ದೂರದಿಂದ ನೋಡಿದರೆ ಸಾಕು. ನುಗ್ಗೆ ಮರದ ಕೆಳಗಂತೂ ಜಾಸ್ತಿ ಹುಷಾರು. ಕಂಬಳಿಹುಳದ ಕೂದಲು ತಾಗಿದರೆ ಉಜ್ಜಬೇಡಿ, ಮೊದಲು ಸೆಲೋಟೇಪ್ ಅಂಟಿಸಿ ಕೀಳಿ, ಆಮೇಲೆ ಸೋಪು ನೀರು. ಊತ ಜಾಸ್ತಿಯಾದರೆ, ಇಲ್ಲಾ ಕಣ್ಣಿಗೆ ತಾಗಿದರೆ, ಕಾಯದೆ ಡಾಕ್ಟರ ಹತ್ತಿರ ಹೋಗಿ.