ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ವರ್ಗದ ಒಡ್ಡೋಲಗಕ್ಕೆ ಎಷ್ಟು ದಾರ ಬೇಕು?

ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ಅಂದು ಅಗಲಿದ ಸೂತ್ರಧಾರರನ್ನು ಹೇಗೆ ನೆನೆಯುತ್ತೀರಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ವರ್ಗದ ಮೇಲೆಯೇ. ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಬಳಗದವರು ಇಪ್ಪತ್ತು ನಿಮಿಷದ ಪ್ರಸಂಗ ಕಟ್ಟುತ್ತಿದ್ದೇವೆ. ದೇವೇಂದ್ರನ ಒಡ್ಡೋಲಗದಲ್ಲಿ ಉಪ್ಪಿನಕುದ್ರು ಕೊಗ್ಗ ಕಾಮತರೂ ಬಳ್ಳಾರಿಯ ಬೆಳಗಲ್ಲು ವೀರಣ್ಣನವರೂ ಭೇಟಿಯಾಗುತ್ತಾರೆ. ಇಬ್ಬರ ಗೊಂಬೆಗಳನ್ನೂ ಒಂದೇ ರಂಗದಲ್ಲಿ ತೋರಿಸಬಹುದೇ? (ಡೊಂಬಿವಲಿ)

ಉತ್ತರ: ತೋರಿಸಬಹುದು. ಆದರೆ ಅವರ ಗೊಂಬೆಗಳು ಬಾಳುವುದು ಬೇರೆ ಬೇರೆ ಬೆಳಕಿನಲ್ಲಿ ಎಂಬುದನ್ನು ಮೊದಲೇ ಗಮನಿಸಿ. ಕಾಮತರದು ಯಕ್ಷಗಾನದ ಸೂತ್ರದ ಗೊಂಬೆ. ಮರದ್ದು, ಸುಮಾರು 18 ಇಂಚು ಎತ್ತರ. ಅದಕ್ಕೆ ಎದುರಿನಿಂದ ಬೆಳಕು ಬೀಳಬೇಕು. 2023ರಲ್ಲಿ ನಮ್ಮನ್ನಗಲಿದ ವೀರಣ್ಣನವರು ಗಾಂಧೀಜಿಯ ಬದುಕನ್ನೂ ತೊಗಲುಗೊಂಬೆಗೆ ತಂದವರು. ಪರದೆಯ ಹಿಂದೆ ಆಡಿಸುವ ಈ ಚರ್ಮದ ಗೊಂಬೆಗೆ ಬೆಳಕು ಹಿಂದಿನಿಂದಲೇ ಬರಬೇಕು. ಎದುರಿನ ದೀಪ ಪರದೆಗೆ ತಾಗಿದರೆ ತೊಗಲಿನ ಕೆಂಪು, ಹಸಿರು ಎಲ್ಲ ತೊಳೆದು ಹೋದಂತೆ ಕಾಣುತ್ತವೆ. ಇಂಥ ಪ್ರಯೋಗಗಳು ಬೀಳುವುದು ಇಲ್ಲೇ.

ರಂಗದ ಬಾಯಿ 10 ಅಡಿ ಅಗಲ, 3 ಅಡಿ ಎತ್ತರ ಇರಲಿ. ನೆಲದಿಂದ ಮೂರಡಿ ಮೇಲೆ ಕಟ್ಟಿ, ಇಲ್ಲವಾದರೆ ಆರನೇ ಸಾಲಿನವರಿಗೆ ಮುಂದಿನವರ ತಲೆಗಳಷ್ಟೇ ಕಾಣುತ್ತವೆ. ಎಡಗಡೆಯ ಆರಡಿ ಸೂತ್ರದ ಗೊಂಬೆಗೆ, ಹಿಂದೆ ಕಪ್ಪು ಬಟ್ಟೆ. ಬಲಗಡೆಯ ನಾಲ್ಕಡಿಗೆ ಬಿಳಿ ಮಲ್ ಬಟ್ಟೆಯ ಪರದೆ. ಪರದೆಯನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿ ಕಟ್ಟಿ. ಎದುರಿನ ದೀಪಗಳನ್ನು ರಂಗದ ಬಾಯಿಯ ಬಲತುದಿಯಲ್ಲಿ, ಪರದೆಗೆ ಬೆನ್ನು ಹಾಕಿ ಎಡಕ್ಕೆ ತಿರುಗಿಸಿ ಇಡಿ. ಅವುಗಳ ಪಕ್ಕಕ್ಕೆ ಕಪ್ಪು ರಟ್ಟಿನ ರೆಕ್ಕೆ ಕಟ್ಟಿ. ಆಮೇಲೆ ಪರದೆಯ ಹಿಂದಿನ ದೀಪ ಆರಿಸಿ, ಎದುರಿನದ್ದನ್ನು ಮಾತ್ರ ಹಚ್ಚಿ ನೋಡಿ. ಪರದೆ ಬೆಳ್ಳಗೆ ಹೊಳೆದರೆ ರಟ್ಟು ಸಾಲದು.

ಇಷ್ಟಾದರೂ ಎರಡೂ ಕಡೆ ಒಟ್ಟಿಗೆ ಪೂರ್ತಿ ಬೆಳಕು ಕೊಡಬೇಡಿ. ಡಿಮ್ಮರ್ ಇಟ್ಟುಕೊಂಡು, ಯಾರು ಮಾತಾಡುತ್ತಾರೋ ಆ ಕಡೆ ಏರಿಸಿ, ಇನ್ನೊಂದು ಕಡೆ ಅರ್ಧಕ್ಕಿಳಿಸಿ. ಕಾಮತರ ಗೊಂಬೆ ಪರದೆಯ ಕಡೆ ಕೈ ನೀಡುವ ಗಳಿಗೆಯಲ್ಲಿ ಎರಡೂ ಅರ್ಧರ್ಧ ಇರಲಿ. ಅಲ್ಲಿ ಮಾತು ಬೇಡ, ಮದ್ದಳೆಯೊಂದೇ ಸಾಕು.

ಸಭಾಭವನಗಳಲ್ಲಿ ಎಣ್ಣೆ ದೀಪಕ್ಕೆ ಅನುಮತಿ ಸಿಗುವುದು ಕಷ್ಟ. ಹಾಗೆಂದು ಸಾಲುಸಾಲು ಮಣಿಗಳಿರುವ ಎಲ್‌ಇಡಿ ಪಟ್ಟಿ ತರಬೇಡಿ. ಪ್ರತಿ ಮಣಿಗೂ ಒಂದೊಂದು ನೆರಳು ಬಿದ್ದು ರಾಮನಿಗೆ ನಾಲ್ಕು ಮೂಗು ಮೂಡುತ್ತದೆ. ಹಳದಿ ಬೆಳಕಿನ ಒಂದೇ ಬಲ್ಬು, ಪರದೆಯಿಂದ ಎರಡೂವರೆ ಅಡಿ ಹಿಂದೆ, ಆಡಿಸುವವರ ತಲೆಗಿಂತ ಮೇಲೆ ಇರಲಿ. ಗೊಂಬೆ ಪರದೆಗೆ ಒತ್ತಿಕೊಂಡೇ ಇರಬೇಕು. ಒಂದಿಂಚು ದೂರವಾದರೂ ಅಂಚು ಮಸುಕು.

ಇನ್ನೊಂದು ಮಾತು. ಸಭಾಭವನದ ಫ್ಯಾನು. ಮಾರ್ಚಿನ ಮುಂಬಯಿ ಸೆಕೆಗೆ ಯಾರಾದರೂ ಸ್ವಿಚ್ ಒತ್ತಿಯೇ ಒತ್ತುತ್ತಾರೆ, ಇಂದ್ರ ಕುಳಿತಲ್ಲೇ ತೂಗತೊಡಗುತ್ತಾನೆ. ರಂಗದ ಮೇಲಿನ ಫ್ಯಾನುಗಳ ಸ್ವಿಚ್ಚಿಗೆ ಮೊದಲೇ ಟೇಪು ಅಂಟಿಸಿ.

ಪ್ರಶ್ನೆ: ಸೂತ್ರಧಾರರನ್ನೇ ಗೊಂಬೆಯಾಗಿ ಮಾಡಿ, ಅವರ ಕೈಯಲ್ಲಿ ಇನ್ನೊಂದು ಪುಟ್ಟ ಗೊಂಬೆ ಕೊಡಬೇಕೆಂದಿದ್ದೇವೆ. ಅಭ್ಯಾಸದಲ್ಲಿ ಪುಟ್ಟ ಗೊಂಬೆ ಗಿರಗಿರನೆ ತಿರುಗಿ ದಾರವೆಲ್ಲ ಸುತ್ತಿಕೊಳ್ಳುತ್ತಿದೆ. (ಭಾಂಡುಪ್)

ಉತ್ತರ: ಬಹಳ ಒಳ್ಳೆಯ ಯೋಚನೆ. ಹಾರ ಹಾಕಿದ ಫೋಟೋಕ್ಕಿಂತ ಇದೇ ಸರಿಯಾದ ನೆನಪು. ಅವರ ಮುಖವನ್ನು ಬಲ್ಲ ಪ್ರೇಕ್ಷಕರು ಕಡಿಮೆ, ಕೈಚಳಕವನ್ನು ಕಂಡವರೇ ಹೆಚ್ಚು. ಸ್ವರ್ಗದಲ್ಲೂ ಅವರ ಕೈ ಖಾಲಿ ಇರಬಾರದು.

ತಿರುಗುತ್ತಿದೆ ಎಂದರೆ ನೀವು ಒಂದೇ ದಾರದಲ್ಲಿ ತೂಗುಹಾಕಿದ್ದೀರಿ. ಎರಡು ದಾರ ಬೇಕು, ಒಂದು ಬಲಗೈಗೆ, ಒಂದು ಎಡಗೈಗೆ. ಪುಟ್ಟ ಗೊಂಬೆ ನಾಲ್ಕಿಂಚು ಎತ್ತರವಿದ್ದರೆ ದಾರ ಎರಡೇ ಇಂಚು ಸಾಕು. ಉದ್ದವಾದಷ್ಟೂ ತೂಗಾಟ ಹೆಚ್ಚು. ಭಾರವೂ ಸಾಲದಿರಬಹುದು. ಹಗುರವಾದ ಗೊಂಬೆ ನಡೆಯುವುದಿಲ್ಲ, ತೇಲುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಐದೈದು ಗ್ರಾಂನದ್ದು ಎರಡು ತಂದು, ಪಾದಗಳಲ್ಲಿ ತೂತು ಕೊರೆದು ಕೂರಿಸಿ, ಮೇಲೆ ಅಂಟು ತುಂಬಿ.

ಈಗ ದೊಡ್ಡ ಗೊಂಬೆ. ಭುಜಕ್ಕೆ ಎರಡು ದಾರ, ಮೈಭಾರವೆಲ್ಲ ಅವುಗಳ ಮೇಲೆ. ತಲೆಗೆ ಎರಡು, ಕೈಗಳಿಗೆ ಎರಡು, ಬೆನ್ನಿಗೆ ಒಂದು, ಒಟ್ಟು ಏಳು. ತಲೆಯ ದಾರಗಳು ಭುಜದವಕ್ಕಿಂತ ಕೂದಲೆಳೆಯಷ್ಟು ಸಡಿಲವಾಗಿರಲಿ. ಬಿಗಿಯಾದರೆ ಗೊಂಬೆ ಸದಾ ಆಕಾಶ ನೋಡುತ್ತದೆ. ಕೈಯ ದಾರವನ್ನು ಮುಂಗೈಗೆ ಸುಮ್ಮನೆ ಕಟ್ಟಿದರೆ, ಕೆಳಗಿನ ಪುಟ್ಟ ಗೊಂಬೆಯ ಭಾರಕ್ಕೆ ಅಂಗೈ ಮಗುಚುತ್ತದೆ. ಹೆಬ್ಬೆರಳಿನ ಬುಡದಲ್ಲಿ ಆರಪಾರ ತೂತು ಕೊರೆಯಿರಿ. ಮೇಲಿನ ದಾರವೂ ಕೆಳಗಿನ ದಾರವೂ ಅದೇ ತೂತಿನಲ್ಲಿ ಗಂಟಾಗಲಿ. ಆಗ ಭಾರ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಕೈ ತಿರುಚುವುದಿಲ್ಲ. ಬೆನ್ನಿನ ದಾರವನ್ನು ಸ್ವಲ್ಪ ಎಳೆದರೆ ಸೂತ್ರಧಾರ ಮುಂದಕ್ಕೆ ಬಾಗಿ ತನ್ನ ಗೊಂಬೆಯನ್ನು ನೋಡುತ್ತಾನೆ. ಆ ಒಂದು ಬಾಗುವಿಕೆಗಾಗಿ ವಾರವಿಡೀ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ಟಂಗುಸ (ನೈಲಾನ್) ದಾರ ಬೇಡ. ಬೆಳಕಿಗೆ ಮಿಂಚುತ್ತದೆ, ಸುರುಳಿಯ ವಕ್ರ ಬಿಡುವುದಿಲ್ಲ. ಹೊಸೆದ ಕಪ್ಪು ದಾರಕ್ಕೆ ಜೇನುಮೇಣ ತಿಕ್ಕಿ ಬಳಸಿ. ಕುಟುಂಬದವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ ಒಪ್ಪಿಗೆ ಪಡೆಯಿರಿ, ಮುಖ ಕೆತ್ತಿದ ಮೇಲೆ ಅವರಿಗೊಮ್ಮೆ ತೋರಿಸಿ.

ಪ್ರಶ್ನೆ: ಮುಂಬಯಿಯವರೇ ಆದ ವೈ. ಕೆ. ಪಾಧ್ಯೆ ಅವರ ಅರ್ಧವಟರಾವ್ ಗೊಂಬೆಯನ್ನೂ ಸ್ವರ್ಗದ ಸಭೆಗೆ ಸೇರಿಸಬಹುದೇ? (ದಾದರ್)

ಉತ್ತರ: ಪಾಧ್ಯೆ ಅವರನ್ನು ಸೇರಿಸಿ, ಅರ್ಧವಟರಾವ್‌ನನ್ನು ಬೇಡ. ಅದು ಮಾತಾಡುವ ಗೊಂಬೆಯ (ಆಡಿಸುವವರು ತುಟಿ ಅಲುಗಿಸದೆ ದನಿ ಕೊಡುವ) ಪರಂಪರೆ, ಮಗ ರಾಮದಾಸ್ ಪಾಧ್ಯೆ ಅದನ್ನು ಮುಂದುವರಿಸಿದರು. ಲಿಜ್ಜತ್ ಪಾಪಡ್ ಜಾಹೀರಾತಿನ ಮೊಲವೂ ಅವರದೇ. ಭೂಮಿಯ ಮೇಲೆ ಇನ್ನೂ ಮಾತಾಡುವ ಗೊಂಬೆಯನ್ನು ಸ್ವರ್ಗಕ್ಕೆ ಕಳಿಸುವುದು ಸರಿಯಲ್ಲ. ತಂದೆಯ ಮಡಿಲನ್ನು ಖಾಲಿ ಬಿಟ್ಟು, ಅವರು ಮೇಲಿನಿಂದ ಕಿವಿಗೊಟ್ಟು ಕೇಳುತ್ತಿರುವಂತೆ ಕೂರಿಸಿ.

ಪ್ರಶ್ನೆ: ತೊಗಲಿನಲ್ಲಿ ಇಂದ್ರನೂ ಕಲಾವಿದನೂ ಎದುರುಬದುರಾದರೆ ಯಾರು ದೊಡ್ಡವರಾಗಬೇಕು? (ವಾಸ್ಕೊ, ಗೋವಾ)

ಉತ್ತರ: ನಮ್ಮ ತೊಗಲುಗೊಂಬೆಯಲ್ಲಿ ಸ್ಥಾನಮಾನದಂತೆ ಗಾತ್ರ. ದೇವರು, ರಾಜರು ದೊಡ್ಡವರು, ಸೇವಕರು ಚಿಕ್ಕವರು. ಇಂದ್ರ ಮೂರಡಿ ಇದ್ದರೆ ಕಲಾವಿದರನ್ನೂ ಮೂರಡಿಯೇ ಮಾಡಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಗಣೇಶ, ಶಾರದೆಯ ಸ್ತುತಿಯಾದ ಮೇಲೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬರಲೇಬೇಕು. ಅವರ ನಗೆಚಾಟಿಕೆಯಿಲ್ಲದ ಸ್ವರ್ಗಕ್ಕೆ ಹಳೆಯ ಕಲಾವಿದರು ಕಾಲಿಡಲಾರರು.

ಪ್ರಶ್ನೆ: ಮಕ್ಕಳಿಗಾಗಿ ಅಮೆರಿಕದ ಜಿಮ್ ಹೆನ್ಸನ್ ಅವರನ್ನೂ ನೆನೆಯಬೇಕೆಂದಿದೆ. ಶೋಕಸಭೆಯಂತೆ ಆಗದಿರಲು ಏನು ಮಾಡಬೇಕು? (ಪುಣೆ)

ಉತ್ತರ: ಅವರೇ ದಾರಿ ತೋರಿಸಿ ಹೋಗಿದ್ದಾರೆ. 1955ರಲ್ಲಿ ತಾಯಿಯ ಹಳೆಯ ಕೋಟು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳುಗಳನ್ನು ಕಣ್ಣಾಗಿಸಿ ಕರ್ಮಿಟ್ ಎಂಬ ಗೊಂಬೆಯನ್ನು ಮಾಡಿದವರು, ಅದು ಕಪ್ಪೆಯಾದದ್ದು ಆಮೇಲೆ. 1990ರ ಮೇ 16ರಂದು 53ರ ವಯಸ್ಸಿನಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಸ್ಮರಣಸಭೆಗೆ ಅವರ ಇಚ್ಛೆಯಂತೆ ಯಾರೂ ಕಪ್ಪು ಉಡುಪಿನಲ್ಲಿ ಬರಲಿಲ್ಲ. ಬಂದವರೆಲ್ಲ ಕಡ್ಡಿಯ ಮೇಲಿನ ಬಣ್ಣದ ಚಿಟ್ಟೆಗಳನ್ನು ಆಡಿಸಿದರು.

ಆ ಚಿಟ್ಟೆಯನ್ನು ಮಕ್ಕಳಿಂದಲೇ ಮಾಡಿಸಿ. ಮೂರು ಮಿಲಿಮೀಟರ್ ದಪ್ಪದ ಫೋಮ್ ಹಾಳೆಯಲ್ಲಿ ಎಂಟಿಂಚು ಅಗಲದ ಚಿಟ್ಟೆ ಕತ್ತರಿಸಿ, ನಡುವೆ ಮಡಿಸಿ. ಎರಡಡಿ ಉದ್ದದ ಸಪೂರ ಬಿದಿರಿನ ಕಡ್ಡಿಯ ತುದಿಗೆ ನಾಲ್ಕಿಂಚಿನ ಮೆತ್ತನೆಯ ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಮಡಿಕೆಗೆ ಅಂಟಿಸಿ. ನೇರವಾಗಿ ಕಡ್ಡಿಗೇ ಅಂಟಿಸಿದರೆ ರೆಕ್ಕೆ ಬಡಿಯುವುದಿಲ್ಲ. ತಂತಿ ಆರಿಂಚು ಮೀರಿದರೆ ಚಿಟ್ಟೆ ತಲೆ ತೂಗುಹಾಕುತ್ತದೆ. ಬಿಸಿ ಗೋಂದು ಫೋಮನ್ನು ಕರಗಿಸುತ್ತದೆ, ರಬ್ಬರ್ ಗೋಂದು ಹಚ್ಚಿ ಹತ್ತು ನಿಮಿಷ ಬಿಟ್ಟು ಅಂಟಿಸಿ.

ಪ್ರಶ್ನೆ: ಮನೆಯಲ್ಲಿ ಹಿರಿಯರ ಕಾಲದ ತೊಗಲುಗೊಂಬೆಗಳಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿದಿವೆ. ಹಳೆಯ ಗೊಂಬೆಗಳನ್ನು ನೀರಿಗೆ ಬಿಡುವ ಪದ್ಧತಿ ಇದೆಯಂತೆ, ಇಲ್ಲಿನ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಬಿಡಲೇ? (ವಾಶಿ)

ಉತ್ತರ: ಆಡಿಸಲಾಗದಷ್ಟು ಜೀರ್ಣವಾದ ಗೊಂಬೆಯನ್ನು ಹರಿಯುವ ನೀರಿಗೆ ಒಪ್ಪಿಸುವುದು ತೊಗಲುಗೊಂಬೆಯವರ ಸಂಪ್ರದಾಯ, ನಿಜ. ಮನುಷ್ಯನಿಗೆ ಕೊಡುವಂಥದೇ ಬೀಳ್ಕೊಡುಗೆ ಅದು. ಆದರೆ ಬೂಷ್ಟು ಬಂದ ಮಾತ್ರಕ್ಕೆ ಗೊಂಬೆ ಸತ್ತಿಲ್ಲ. ಅವಸರ ಮಾಡಬೇಡಿ.

ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಹರಡಿ. ಬಿಸಿಲಿಗಿಟ್ಟರೆ ತೊಗಲು ಸುರುಟಿ, ಬಣ್ಣ ಬಿಳುಚುತ್ತದೆ. ಒಣಗಿದ ಮೇಲೆ ಮೆತ್ತನೆಯ ಒಣ ಬ್ರಶ್ಶಿನಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾಲ್ಕನಿಯಲ್ಲಿ ಒರೆಸಿ. ಒದ್ದೆ ಬಟ್ಟೆ ತಾಗಿಸಬೇಡಿ. ಹಸಿ ಮೇಕೆ ತೊಗಲು ನೀರು ಕುಡಿದು ಉಬ್ಬುತ್ತದೆ, ಗಿಡಮೂಲಿಕೆಯ ಬಣ್ಣ ಹರಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇ ಬೂಷ್ಟಿಗೆ ಕಾರಣವಿರಬೇಕು. ಪ್ರತಿ ಗೊಂಬೆಯ ನಡುವೆ ಹತ್ತಿಬಟ್ಟೆ ಹಾಸಿ, ಮಡಿಸದೆ, ಚಪ್ಪಟೆಯಾಗಿ ಮರದ ಪೆಟ್ಟಿಗೆಯಲ್ಲಿಡಿ. ಒಣ ಬೇವಿನೆಲೆಯ ಗಂಟೊಂದನ್ನು ಮೂಲೆಗೆ ಹಾಕಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆಯಿರಿ.

ನಿಜವಾಗಿಯೂ ಪುಡಿಯಾಗುತ್ತಿರುವ ಗೊಂಬೆಗೆ ಖಾಡಿಯ ಕೆಸರು ತಕ್ಕ ಜಾಗವಲ್ಲ. ಊರಿಗೆ ಹೋದಾಗ ಹೊಳೆಗೆ ಒಪ್ಪಿಸಿ. ಅದಕ್ಕೂ ಮೊದಲು ಕಿಟಕಿಯ ಗಾಜಿನ ಮೇಲೆ ಬೆಳಕಿಗೆ ಹಿಡಿದು, ಮೇಲೆ ಬಟರ್ ಪೇಪರ್ ಇಟ್ಟು, ಪ್ರತಿಯೊಂದು ತೂತನ್ನೂ ಪೆನ್ಸಿಲ್‌ನಿಂದ ಪಡಿಮೂಡಿಸಿ. ಉಳಿ ಹೊಡೆದ ಲೆಕ್ಕ, ಆಭರಣದ ಸಾಲು, ಕಣ್ಣಿನ ವಾಲು ಎಲ್ಲವೂ ಆ ತೂತುಗಳಲ್ಲೇ ಇದೆ.