ಓದುಗರ ಪ್ರಶ್ನೆ: ಕೆಲಸಕ್ಕೆ ಕೈಜೋಡಿಸುವ ಮಗು ಆಟಿಕೆ ಏಕೆ ಬಿಟ್ಟುಕೊಡುವುದಿಲ್ಲ?

ಪ್ರಶ್ನೆ: ಮಗನಿಗೆ ಎರಡು ವರ್ಷ. ಬಟ್ಟೆ ಮಡಚಲು ಕೂತರೆ ಓಡಿ ಬಂದು ಒಂದೊಂದೇ ಎತ್ತಿ ಕೊಡುತ್ತಾನೆ. ಆದರೆ ಓರಗೆಯ ಮಗು ಮನೆಗೆ ಬಂದರೆ ಒಂದು ಆಟಿಕೆಯನ್ನೂ ಮುಟ್ಟಗೊಡುವುದಿಲ್ಲ. ಕಿತ್ತು ಕೊಟ್ಟರೆ ರಂಪ. ಸ್ವಾರ್ಥಿಯಾಗಿಬಿಡುತ್ತಾನೆಯೇ?

ಉತ್ತರ: ಖಂಡಿತ ಇಲ್ಲ. ನೆರವಾಗುವುದು ಬೇರೆ, ತನ್ನದನ್ನು ಬಿಟ್ಟುಕೊಡುವುದು ಬೇರೆ. ಮೊದಲನೆಯದು ಬೇಗ ಬರುತ್ತದೆ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ತಿಂಗಳ 24 ಮಕ್ಕಳಿದ್ದರು. ಬಟ್ಟೆ ಒಣಹಾಕುತ್ತಿದ್ದವರ ಕೈಯಿಂದ ಕ್ಲಿಪ್ಪು ಜಾರುತ್ತದೆ, ಕೈಚಾಚಿದರೂ ಎಟಕುವುದಿಲ್ಲ. ಮಕ್ಕಳು ಹೋಗಿ ಎತ್ತಿಕೊಟ್ಟರು. ಅದೇ ಕ್ಲಿಪ್ಪನ್ನು ಬೇಕೆಂದೇ ಎಸೆದಾಗ ಅಷ್ಟಾಗಿ ಎತ್ತಿಕೊಡಲಿಲ್ಲ. ಇಂಥ ಹಲವು ಸಂದರ್ಭಗಳಲ್ಲಿ ಒಮ್ಮೆಯಾದರೂ ನೆರವಾದವರು 22 ಮಕ್ಕಳು. ಎದುರಿಗಿರುವವರಿಗೆ ಏನು ಬೇಕಾಗಿದೆ ಎಂಬುದು ಆ ವಯಸ್ಸಿಗೇ ತಿಳಿಯುತ್ತದೆ.

ಆಟಿಕೆ ಕೊಡುವಾಗ ಮಗುವಿಗೆ ನಷ್ಟವಿದೆ, ಅದು ಮರಳಿ ಬರುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಕಿತ್ತು ಕೊಡುವುದನ್ನು ಇಂದೇ ನಿಲ್ಲಿಸಿ. ಬಲವಿದ್ದವರು ಕಿತ್ತುಕೊಳ್ಳಬಹುದು ಎಂಬ ಪಾಠವಷ್ಟೇ ಅದರಿಂದ ಸಿಗುತ್ತದೆ. ಆ ಮಗು ಬರುವ ಮೊದಲು, ಅವನಿಗೆ ಜೀವವಾದ ಎರಡು ಮೂರು ಆಟಿಕೆಗಳನ್ನು ಅವನೇ ಆರಿಸಿ ಒಳಗಿಡಲಿ. ಹೊರಗೆ ಬ್ಲಾಕುಗಳಂತೆ ಇಬ್ಬರಿಗೂ ಸಾಕಾಗುವಷ್ಟು ಇರುವ ಸಾಮಾನು ಹರಡಿ. ಒಂದೇ ಆಟಿಕೆಯನ್ನು ಸರದಿಯಲ್ಲಿ ಆಡುವಾಗ ಒಬ್ಬರ ಸರದಿ ಅರ್ಧ ನಿಮಿಷವೋ ಒಂದು ನಿಮಿಷವೋ ಇದ್ದರೆ ಸಾಕು. 'ಐದು ನಿಮಿಷ' ಎಂದರೆ ಎರಡರ ಮಗುವಿಗೆ ಅರ್ಥವಾಗದು. ಜೋರಾಗಿ ಇಪ್ಪತ್ತರವರೆಗೆ ಎಣಿಸಿ, ಎಣಿಕೆ ಮುಗಿದೊಡನೆ ಆಟಿಕೆ ಅವನ ಕೈಗೆ ಮರಳಲೇಬೇಕು. ಇಲ್ಲಿ ಒಮ್ಮೆ ಮಾತು ತಪ್ಪಿದರೆ ಮುಂದಿನ ಸಲ ಅವನು ಬಿಡುವುದಿಲ್ಲ. ತಾನಾಗಿ ಕೊಟ್ಟಾಗ 'ಜಾಣ' ಎನ್ನುವುದಕ್ಕಿಂತ, 'ನೀನು ಚೆಂಡು ಕೊಟ್ಟೆಯಲ್ಲ, ನೋಡು, ಅವಳ ಮುಖ ಅರಳಿತು' ಎಂದು ತೋರಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಪ್ರತಿ ಸಹಾಯಕ್ಕೂ ಒಂದು ಸ್ಟಿಕ್ಕರ್ ಕೊಡುತ್ತಿದ್ದೆವು. ಈಗ 'ಸ್ಟಿಕ್ಕರ್ ಎಲ್ಲಿ?' ಎಂದು ಕೇಳಿಯೇ ಏಳುತ್ತಾಳೆ.

ಉತ್ತರ: ಇದು ನಿರೀಕ್ಷಿತವೇ. ಅದೇ ಇಬ್ಬರು ಸಂಶೋಧಕರು 2008ರಲ್ಲಿ 20 ತಿಂಗಳ ಮಕ್ಕಳಲ್ಲಿ ಇದನ್ನು ಕಂಡರು: ಸಹಾಯಕ್ಕೆ ವಸ್ತು ಪಡೆದವರು, ಅದು ನಿಂತ ಮೇಲೆ ಉಳಿದವರಿಗಿಂತ ಕಡಿಮೆ ನೆರವಾದರು. ಬರೀ ಹೊಗಳಿಸಿಕೊಂಡವರಲ್ಲಿ ಈ ಇಳಿಕೆ ಕಾಣಲಿಲ್ಲ.

ಸ್ಟಿಕ್ಕರ್ ನಿಲ್ಲಿಸಿ. ಕೆಲವು ದಿನ ಮುನಿಸು ಇದ್ದೀತು, ತಡೆದುಕೊಳ್ಳಿ. 'ನೀನು ಮಾಡು' ಎನ್ನುವ ಬದಲು ಇಬ್ಬರಿಲ್ಲದೆ ಆಗದ ಕೆಲಸ ಹುಡುಕಿ: ಹೊದಿಕೆಯ ಎರಡು ತುದಿ ಹಿಡಿದು ಮಡಚುವುದು, ಎರಡು ಹಿಡಿಕೆಯ ಬುಟ್ಟಿ ಎತ್ತುವುದು. ಜೊತೆಗೂಡಿ ದುಡಿದಾಗ ಹಂಚುವ ಮನಸ್ಸು ತಾನಾಗಿ ಬರುತ್ತದೆ. 2011ರ ಒಂದು ಪ್ರಯೋಗದಲ್ಲಿ ಮೂರು ವರ್ಷದ ಇಬ್ಬಿಬ್ಬರು ಮಕ್ಕಳು ಒಟ್ಟಿಗೆ ಹಗ್ಗ ಎಳೆದರು. ಒಬ್ಬರಿಗೆ ಮೂರು ಗೋಲಿ, ಇನ್ನೊಬ್ಬರಿಗೆ ಒಂದೇ. ಮೂರು ಸಿಕ್ಕವರಲ್ಲಿ ಹೆಚ್ಚಿನವರು ಒಂದನ್ನು ಕೊಟ್ಟು ಎರಡೆರಡು ಮಾಡಿಕೊಂಡರು. ದುಡಿಯದೆ ಸಿಕ್ಕ ಗೋಲಿಗಳನ್ನು ಹೀಗೆ ಹಂಚಿದ್ದು ಕಡಿಮೆ.

ಹೊದಿಕೆ ಮೊದಮೊದಲು ಸೊಟ್ಟಗೇ ಮಡಚಿಕೊಳ್ಳುತ್ತದೆ. ಅವಳ ಕಣ್ಣೆದುರೇ ಬಿಚ್ಚಿ ಮತ್ತೆ ಮಡಚಬೇಡಿ.